ಜಠರ ಕೆಡಿಸುವುದು ಬ್ಯಾಕ್ಟೀರಿಯವೋ, ಮೈಯ ಕಾವಲೋ?

ಜಠರದಲ್ಲಿ ನೆಲೆಸುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯದ ಬಗ್ಗೆ ಇಲಿಗಳಲ್ಲಿ ನಡೆದ ಪ್ರಯೋಗಗಳ ವರದಿಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ತಲೆ ಕೆಡುತ್ತದೆ. ಒಂದರಲ್ಲಿ ರೋಗನಿರೋಧಕ ಶಕ್ತಿ ಜಠರವನ್ನು ಕಾಯುತ್ತದೆ. ಇನ್ನೊಂದರಲ್ಲಿ ಅದೇ ಶಕ್ತಿ ಜಠರವನ್ನು ಸವೆಸುತ್ತದೆ. ಎರಡೂ ನಿಜ.

1982ರಲ್ಲಿ ಆಸ್ಟ್ರೇಲಿಯದ ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಈ ಬ್ಯಾಕ್ಟೀರಿಯವನ್ನು ಬೆಳೆಸಿದರು, 1994ರಲ್ಲಿ ಇದು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿ ಸೇರಿತು, 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಪ್ರಯೋಗಾಲಯದಲ್ಲಿ ಮಾತ್ರ ದಾರಿ ಸಲೀಸಾಗಿರಲಿಲ್ಲ. ಮನುಷ್ಯನ ಜಠರದ ಬ್ಯಾಕ್ಟೀರಿಯ ಇಲಿಯ ಹೊಟ್ಟೆಯಲ್ಲಿ ಸುಲಭಕ್ಕೆ ನೆಲೆ ನಿಲ್ಲುತ್ತಿರಲಿಲ್ಲ. ಹಾಗಾಗಿ ಹಂದಿಮರಿಗಳನ್ನು ಬಳಸಿದರು. ಬೆಕ್ಕಿನ ಜಠರದಲ್ಲಿರುವ ಇದರ ಸೋದರಸಂಬಂಧಿ ಹೆಲಿಕೋಬ್ಯಾಕ್ಟರ್ ಫೆಲಿಸ್ ಅನ್ನು ಇಲಿಗೆ ಕೊಟ್ಟು ನೋಡಿದರು. ಇಲಿಗೆ ಚೆನ್ನಾಗಿ ಒಗ್ಗುವ ಪೈಲೋರಿಯ 'ಸಿಡ್ನಿ' ತಳಿ ಬಂದದ್ದು 1997ರಲ್ಲಿ.

ಪ್ರಯೋಗ ನಡೆಯುವುದು ಹೀಗೆ. ತುದಿ ಗುಂಡಗಿರುವ ಸೂಜಿಯಿಂದ ಇಲಿಯ ಬಾಯಿ ಮೂಲಕ ಬ್ಯಾಕ್ಟೀರಿಯದ ದ್ರವವನ್ನು ನೇರ ಹೊಟ್ಟೆಗೆ ಬಿಡುತ್ತಾರೆ. ಕೆಲವು ವಾರ ಅಥವಾ ತಿಂಗಳು ಕಾಯುತ್ತಾರೆ. ಆಮೇಲೆ ಜಠರವನ್ನು ಸೀಳಿ, ಒಂದು ಭಾಗವನ್ನು ಅರೆದು ತಟ್ಟೆಯಲ್ಲಿ ಬೆಳೆಸಿ ಬ್ಯಾಕ್ಟೀರಿಯ ಎಣಿಸುತ್ತಾರೆ. ಇನ್ನೊಂದು ಭಾಗ ಸ್ಲೈಡ್ ಆಗುತ್ತದೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಉರಿಯೂತ ಇರುವ ಕಡೆ ನೇರಳೆ ಚುಕ್ಕೆಗಳ ಹಾಗೆ ಬಿಳಿ ರಕ್ತಕಣಗಳು ಗುಂಪುಗಟ್ಟಿರುತ್ತವೆ. ಎಣಿಕೆ ಒಂದು ಕಥೆ ಹೇಳಿದರೆ ಸ್ಲೈಡ್ ಇನ್ನೊಂದು ಕಥೆ ಹೇಳುತ್ತದೆ. ಗೋಜಲು ಶುರುವಾಗುವುದೇ ಇಲ್ಲಿ.

1990ರ ದಶಕದ ಕೊನೆಯ ವರ್ಷಗಳು ಈ ವಿಷಯದ ತಿರುಳು. ಟಿ ಕಣ, ಬಿ ಕಣ ಎಂಬ ಬಿಳಿ ರಕ್ತಕಣಗಳು ರೋಗನಿರೋಧಕ ಪಡೆಯ ಆಳುಗಳು; ಪ್ರತಿಕಾಯಗಳನ್ನು ತಯಾರಿಸುವುದು ಬಿ ಕಣ. ಇವೆರಡೂ ಇಲ್ಲದೆ ಹುಟ್ಟುವ ಇಲಿಗಳಿವೆ. ಅವುಗಳ ಹೊಟ್ಟೆಯಲ್ಲಿ ಬ್ಯಾಕ್ಟೀರಿಯ ತುಂಬಿ ತುಳುಕುತ್ತಿತ್ತು, ಆದರೆ ಸ್ಲೈಡಿನಲ್ಲಿ ಗಾಯದ ಗುರುತು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಇಂಥ ಕಣಗಳು ತುಂಬಿರುವ ಅಂಗ ಗುಲ್ಮ; ಆರೋಗ್ಯವಂತ ಇಲಿಯ ಗುಲ್ಮದ ಕಣಗಳನ್ನು ಅವಕ್ಕೆ ಕೊಟ್ಟರು. ಬ್ಯಾಕ್ಟೀರಿಯ ಕಡಿಮೆಯಾಯಿತು. ಜೊತೆಗೇ ಜಠರ ಉರಿಯತೊಡಗಿತು. ಅಂದರೆ ಹಾನಿ ಮಾಡುತ್ತಿದ್ದದ್ದು ಬರೀ ಬ್ಯಾಕ್ಟೀರಿಯ ಅಲ್ಲ, ಅದನ್ನು ಓಡಿಸಲು ಹೊರಟ ಕಾವಲು ಪಡೆ ಕೂಡ. ಬಿ ಕಣ ಮಾತ್ರ ಇಲ್ಲದ ಇಲಿಗಳಲ್ಲೂ ಲಸಿಕೆ ಕೆಲಸ ಮಾಡಿದ್ದು ಇದೇ ಕಾಲದಲ್ಲಿ. ಪ್ರತಿಕಾಯಗಳೇ ರಕ್ಷಣೆ ಕೊಡುತ್ತವೆ ಎಂದು ನಂಬಿದ್ದವರಿಗೆ ಅದು ದೊಡ್ಡ ಪೆಟ್ಟು. ಕೆಲಸ ನಡೆಸುತ್ತಿದ್ದದ್ದು ಟಿ ಕಣಗಳು.

ಇಲಿಯ ತಳಿಯೂ ಲೆಕ್ಕಕ್ಕೆ ಬರುತ್ತದೆ. ಫೆಲಿಸ್ ಸೋಂಕು ತಗಲಿದ ಸಿ57 ತಳಿಯ ಕಪ್ಪು ಇಲಿಗಳಲ್ಲಿ ಉರಿಯೂತ ಜೋರು. ಬಾಲ್ಬ್ ತಳಿಯ ಬಿಳಿ ಇಲಿಗಳಲ್ಲಿ ಉರಿಯೂತ ಕಡಿಮೆ, ಬ್ಯಾಕ್ಟೀರಿಯ ಜಾಸ್ತಿ. 2000ದಲ್ಲಿ ಬಂದ ಇನ್ನೊಂದು ಪ್ರಯೋಗದಲ್ಲಿ ಇಲಿಗಳಿಗೆ ಫೆಲಿಸ್ ಜೊತೆ ಕರುಳಿನ ಹುಳುವನ್ನೂ ಕೊಟ್ಟರು. ಬ್ಯಾಕ್ಟೀರಿಯ ತುಂಬ ಇತ್ತು, ಉರಿಯೂತವೂ ಇತ್ತು, ಆದರೂ ಜಠರದ ಗ್ರಂಥಿಗಳು ಸವೆದದ್ದು ಕಡಿಮೆ. ಹುಳುವಿನಿಂದಾಗಿ ಟಿ ಕಣಗಳ ಪ್ರತಿಕ್ರಿಯೆಯ ರೀತಿಯೇ ಬದಲಾಗಿತ್ತು. ಬರೀ 'ಇಲಿಯಲ್ಲಿ ಹೀಗಾಯಿತು' ಅಂದರೆ ಸಾಲದು. ಯಾವ ಇಲಿ, ಅದರ ಮೈಯಲ್ಲಿ ಇನ್ನೇನಿತ್ತು ಅನ್ನುವುದನ್ನೂ ಕೇಳಬೇಕು, ಅಲ್ವಾ?

ಲಸಿಕೆಯ ಕಥೆ ಇನ್ನೂ ಸೂಕ್ಷ್ಮ. ಲಸಿಕೆ ಪಡೆದ ಇಲಿಗೆ ಸೋಂಕು ತಗಲಿಸಿದಾಗ ಬ್ಯಾಕ್ಟೀರಿಯ ಇಳಿಯುತ್ತದೆ, ಆದರೆ ಉರಿಯೂತ ಕೆಲಕಾಲ ಲಸಿಕೆ ಇಲ್ಲದ ಇಲಿಗಿಂತಲೂ ಜಾಸ್ತಿ ಇರುತ್ತದೆ. ಆಮೇಲೆ ತಣ್ಣಗಾಗುವುದುಂಟು. ಬರೀ ಬ್ಯಾಕ್ಟೀರಿಯದ ಎಣಿಕೆ ಕೊಟ್ಟು ಸ್ಲೈಡ್ ತೋರಿಸದ ವರದಿಯನ್ನು ಪೂರ್ತಿ ಗೆಲುವು ಎನ್ನಲು ಮನಸ್ಸು ಒಪ್ಪುವುದಿಲ್ಲ. ಚೀನಾದಲ್ಲಿ 6ರಿಂದ 15 ವರ್ಷದ ಮಕ್ಕಳಿಗೆ ಬಾಯಿ ಮೂಲಕ ಕೊಟ್ಟ ಲಸಿಕೆ ಮೊದಲ ವರ್ಷ ಶೇ. 71.8ರಷ್ಟು ರಕ್ಷಣೆ ಕೊಟ್ಟಿತು ಎಂದು 2015ರಲ್ಲಿ ಬಂದ ವರದಿ ಮಾತ್ರ ನಿಜವಾದ ಭರವಸೆ.

ತಡವಾಗಿ ಗಮನ ಸಿಕ್ಕ ಸಂಗತಿ ವಯಸ್ಸು. ಮನುಷ್ಯರಿಗೆ ಈ ಸೋಂಕು ಹೆಚ್ಚಾಗಿ ತಗಲುವುದು ಬಾಲ್ಯದಲ್ಲಿ. ಪ್ರಯೋಗಗಳಲ್ಲಿ ಮಾತ್ರ ಬಹಳ ಕಾಲ ಬೆಳೆದ ಇಲಿಗಳನ್ನೇ ಬಳಸಿದರು. ಹುಟ್ಟಿ ಒಂದು ವಾರಕ್ಕೇ ಸೋಂಕು ತಗಲಿಸಿದಾಗ ಚಿತ್ರ ಬೇರೆಯಾಯಿತು. ಕಾವಲು ಪಡೆಗೆ ಲಗಾಮು ಹಾಕುವ ಟಿ ಕಣಗಳು ಈ ಮರಿಗಳಲ್ಲಿ ಮುಂದೆ ಬಂದವು. ಅವು ದೊಡ್ಡವಾದಾಗಲೂ ತಟ್ಟೆಯಲ್ಲಿ ಬ್ಯಾಕ್ಟೀರಿಯ ದಂಡಿಯಾಗಿ ಬೆಳೆಯುತ್ತಿತ್ತು, ಸ್ಲೈಡಿನಲ್ಲಿ ಗ್ರಂಥಿಗಳು ಸಾಲಾಗಿ ನೆಟ್ಟಗೆ ನಿಂತಿದ್ದವು.