ಒಂದೇ ಇಂಡೆಂಟ್‌ಗೆ ಎರಡು ಲಾರಿ

"ಸರ್, ಇದ್ರಲ್ಲಿ ಯಾವುದು ತಗೊಳ್ಳೋಣ ಅಂತ ಹೇಳಿಬಿಡಿ, ಸಾಕು." ಹೀಗೆಂದು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸುವವರು ತಿಂಗಳಿಗೆ ಇಬ್ಬರಾದರೂ ಸಿಗುತ್ತಾರೆ. ತೆರೆಯ ಮೇಲೆ ಒಂದು ಎಕ್ಸೆಲ್ ಶೀಟ್. ಲ್ಯಾಂಗ್‌ಗ್ರಾಫ್, ಕ್ರೂಎಐ, ಆಟೋಜೆನ್, ಇನ್ನೂ ನಾಲ್ಕಾರು ಹೆಸರು. ಎಲ್ಲವೂ ಏಜೆಂಟ್‌ಗಳನ್ನು, ಅಂದರೆ ತಾವಾಗಿಯೇ ಕೆಲಸ ಮಾಡುವ ಪ್ರೋಗ್ರಾಂಗಳನ್ನು, ಒಟ್ಟಿಗೆ ದುಡಿಸುವ ಪ್ಲಾಟ್‌ಫಾರ್ಮ್‌ಗಳು. ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ತಾಣದಲ್ಲಿ ಮೆಚ್ಚಿದವರು ಕೊಟ್ಟ ಸ್ಟಾರ್ ಎಷ್ಟು, ಯಾವ ಯಾವ ಭಾಷಾ ಮಾಡೆಲ್ ನಡೆಯುತ್ತದೆ, ಡೆಮೊ ಎಷ್ಟು ಬೇಗ ಆಗುತ್ತದೆ. ಪಾಪ, ಯಾರೋ ಹುಡುಗರು ಎರಡು ವಾರ ಕೂತು ತುಂಬಿರುತ್ತಾರೆ. ನಾನು ಹುಡುಕುವ ಕಾಲಂ ಮಾತ್ರ ಅದರಲ್ಲಿ ಇರುವುದೇ ಇಲ್ಲ. ಕೆಲಸ ಅರ್ಧಕ್ಕೆ ನಿಂತರೆ ಇದು ಏನು ಮಾಡುತ್ತದೆ?

ಎಲ್ಲರಿಗೂ ಈ ಪ್ರಶ್ನೆ ಬೇಕಿಲ್ಲ. ಟ್ರಾಫಿಕ್ ಹೇಗೆ ಕಟ್ಟಿಕೊಳ್ಳುತ್ತದೆ, ಜ್ವರ ಊರಲ್ಲಿ ಹೇಗೆ ಹರಡುತ್ತದೆ ಎಂದು ಕಂಪ್ಯೂಟರಿನಲ್ಲಿ ಏಜೆಂಟ್‌ಗಳನ್ನು ಆಡಿಸಿ ನೋಡುವವರಿಗೆ ನೆಟ್‌ಲೋಗೊ, ಗಾಮಾ, ಪೈಥಾನ್‌ನ ಮೇಸಾ ಇವೆ. ಅಲ್ಲಿ ಎಡವಟ್ಟಾದರೆ ಮತ್ತೆ ರನ್ ಒತ್ತಿದರಾಯಿತು. ನನ್ನ ತಲೆನೋವು ಇನ್ನೊಂದು ಜಾತಿಯ ಏಜೆಂಟ್‌ಗಳದ್ದು. ಮೇಲ್ ಕಳಿಸುವ, ಹಣ ಕಟ್ಟುವ, ಲಾರಿ ಕರೆಸುವ ಏಜೆಂಟ್‌ಗಳು.

ಲಾರಿ ಎಂದೆನಲ್ಲ, ಆ ಕಥೆಯನ್ನೇ ಹೇಳಿಬಿಡುತ್ತೇನೆ. ಪೀಣ್ಯದ ಕಡೆ ಒಂದು ಬಿಡಿಭಾಗಗಳ ಕಾರ್ಖಾನೆ. ಅವರಿಗೆ ಐದು ಏಜೆಂಟ್‌ಗಳ ವ್ಯವಸ್ಥೆ ಮಾಡಿಕೊಟ್ಟಿದ್ದೆವು. ಒಂದು ಆರ್ಡರ್ ಮೇಲ್ ಓದುತ್ತದೆ, ಒಂದು ಸ್ಟಾಕ್ ನೋಡುತ್ತದೆ, ಒಂದು ಲಾರಿ ಬಾಡಿಗೆ ವಿಚಾರಿಸುತ್ತದೆ, ಒಂದು ಇಂಡೆಂಟ್ (ಲಾರಿ ಬೇಡಿಕೆ ಚೀಟಿ) ಹಾಕಿ ಬುಕ್ ಮಾಡುತ್ತದೆ, ಕೊನೆಯದು ಗಿರಾಕಿಗೆ ತಿಳಿಸುತ್ತದೆ. ಸಂಜೆಯಾದರೆ ಲಾರಿ ಸಿಗಲ್ಲ. ಅದಕ್ಕೆ ಮೊದಲು ಬುಕ್ ಮಾಡಿ, ಆಮೇಲೆ ಮ್ಯಾನೇಜರ್ ಒಪ್ಪಿಗೆ ಕೇಳಿ, ಬೇಡವೆಂದರೆ ರದ್ದು ಮಾಡುವುದು ಎಂದು ಒಂದೇ ಹಂತದಲ್ಲಿ ಬರೆದಿದ್ದೆವು. ಡೆಮೊದಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು.

ಒಂದು ದಿನ ಮ್ಯಾನೇಜರ್ ರಾತ್ರಿ ಊಟ ಮುಗಿಸಿ ಮನೆಯಿಂದಲೇ ಒಪ್ಪಿಗೆ ಒತ್ತಿದರು. ಬೆಳಿಗ್ಗೆ ಗೇಟಿಗೆ ಎರಡು ಲಾರಿ ಬಂದವು. ಗೇಟಿನಲ್ಲಿದ್ದ ಸೆಕ್ಯುರಿಟಿ ಅಣ್ಣ ಎರಡನೆಯದನ್ನು ತಡೆದು, "ಇಂಡೆಂಟ್ ನಂಬರ್ ಅದೇ ಐತಲ್ಲಪ್ಪ, ಆಗ್ಲೇ ಒಂದು ಗಾಡಿ ಒಳಗೆ ಹೋಗೈತೆ" ಎಂದು ರಿಜಿಸ್ಟರ್ ತಿರುಗಿಸಿ ತೋರಿಸಿದರಂತೆ. ಖಾಲಿ ಬಂದ ಲಾರಿಯ ಬಾಡಿಗೆ ನಮ್ಮ ಬಿಲ್ಲಿನಿಂದ ಹೋಯಿತು. ಆ ಕೋಡ್ ನೋಡಿ ಸರಿಯಿದೆ ಎಂದವನು ನಾನೇ.

ಪ್ಲಾಟ್‌ಫಾರ್ಮ್ ಕೆಟ್ಟಿರಲಿಲ್ಲ. ತಾನು ಹೇಳಿದ್ದನ್ನೇ ಮಾಡಿತ್ತು. ಲ್ಯಾಂಗ್‌ಗ್ರಾಫ್‌ನ ಉದಾಹರಣೆಯನ್ನೇ ನೋಡಿ. ಅಲ್ಲಿ ಪ್ರತಿ ಹಂತದ ಸ್ಥಿತಿಯನ್ನು ಉಳಿಸಿಡುವ ಚೆಕ್‌ಪಾಯಿಂಟ್ ಇದೆ, ಮನುಷ್ಯನ ಉತ್ತರಕ್ಕಾಗಿ ನಿಲ್ಲಿಸುವ ಇಂಟರಪ್ಟ್ ಇದೆ. ಆದರೆ ನಿಂತ ನೋಡ್, ಅಂದರೆ ಒಂದು ಹಂತದ ಕೋಡ್, ಮತ್ತೆ ಹೊರಟಾಗ ನಿಂತ ಸಾಲಿನಿಂದ ಮುಂದುವರಿಯುವುದಿಲ್ಲ, ನೋಡ್‌ನ ಮೊದಲ ಸಾಲಿನಿಂದ ಶುರುವಾಗುತ್ತದೆ. ಅವರ ಕೈಪಿಡಿಯಲ್ಲೇ ಇದನ್ನು ಬರೆದಿದ್ದಾರೆ. ಒಪ್ಪಿಗೆಗೆ ಮುಂಚಿನ ಸಾಲಿನಲ್ಲಿ ಬುಕಿಂಗ್ ಇದ್ದರೆ ಅದು ಇನ್ನೊಮ್ಮೆ ಆಗುತ್ತದೆ. ಸ್ಥಿತಿ ಉಳಿಯುವುದು ಬೇರೆ, ಕೆಲಸ ಒಂದೇ ಸಲ ಆಗುವುದು ಬೇರೆ.

ಇದನ್ನು ಇನ್ನೊಂದು ಥರ ಹೇಳುತ್ತೇನೆ. ಇಲ್ಲಿಗೆ ಬಂದಾಗ ಎಲ್ಲರೂ ತಲೆಯಾಡಿಸುತ್ತಾರೆ, ಆಮೇಲೆ ಮರೆತುಬಿಡುತ್ತಾರೆ. ಮದುವೆ ಮನೆ. ಹೂ ತರಲು ಭಾವಮೈದುನನನ್ನು ಕೆ.ಆರ್. ಮಾರ್ಕೆಟ್ಟಿಗೆ ಕಳಿಸಿದ್ದೀರಿ. ಫೋನ್ ತೆಗೆಯುತ್ತಿಲ್ಲ. ಅವನು ಹೂ ತಗೊಂಡಿಲ್ಲವೋ, ತಗೊಂಡು ಗದ್ದಲದಲ್ಲಿ ರಿಂಗ್ ಕೇಳಿಸುತ್ತಿಲ್ಲವೋ ನಿಮಗೆ ಗೊತ್ತಾಗಲ್ಲ. ಇನ್ನೊಬ್ಬನನ್ನು ಕಳಿಸಿದರೆ ಎರಡು ಬುಟ್ಟಿ ಹೂ. ಕಳಿಸದಿದ್ದರೆ ಮುಹೂರ್ತಕ್ಕೆ ಹಾರವಿಲ್ಲ. ಉತ್ತರ ಬರಲಿಲ್ಲ ಎಂದರೆ ಕೆಲಸ ಆಗಿಲ್ಲ ಎಂದು ಅರ್ಥವಲ್ಲ, ಅಲ್ವಾ? ಟೈಮ್‌ಔಟ್ ಆದರೆ, ಅಂದರೆ ಕಾಯುವ ಹೊತ್ತು ಮೀರಿದರೆ, ಮತ್ತೆ ಪ್ರಯತ್ನಿಸು ಎಂದು ಕಣ್ಣುಮುಚ್ಚಿ ಬರೆಯುವವರು ಪ್ರತಿ ಸಲ ಎರಡನೆಯವನನ್ನು ಮಾರ್ಕೆಟ್ಟಿಗೆ ಅಟ್ಟುತ್ತಿರುತ್ತಾರೆ.

ಪರಿಹಾರಕ್ಕೆ ಐಡೆಂಪೊಟೆನ್ಸಿ ಎಂಬ ದೊಡ್ಡ ಹೆಸರಿದೆ. ಗೇಟಿನ ಅಣ್ಣನ ರಿಜಿಸ್ಟರ್ ಎಂದರೂ ಸಾಕು. ಪ್ರತಿ ಕೆಲಸಕ್ಕೆ ಒಂದು ನಂಬರ್. ಎಷ್ಟು ಸಲ ಮರುಪ್ರಯತ್ನ ಮಾಡಿದರೂ ಅದೇ ನಂಬರ್. ಕೆಲಸ ಮಾಡುವ ತುದಿಯಲ್ಲಿ ಆ ನಂಬರ್ ಆಗಲೇ ಬಂದಿದೆಯಾ ಎಂಬ ತಪಾಸಣೆ. ರಿಜಿಸ್ಟರನ್ನು ನಿಮ್ಮ ಪರವಾಗಿ ಯಾವ ಪ್ಲಾಟ್‌ಫಾರ್ಮೂ ಬರೆಯುವುದಿಲ್ಲ. ಹಾಗಾಗಿ ಅದಕ್ಕೆ ಕೇಳಬೇಕಾದ ಪ್ರಶ್ನೆ ಇಷ್ಟೇ: ನಿಂತಿದ್ದು ಎಲ್ಲಿಂದ ಮತ್ತೆ ಹೊರಡುತ್ತದೆ, ಮತ್ತು ಆ ನಂಬರ್ ಅಲ್ಲಿಯವರೆಗೆ ಬದಲಾಗದೆ ಉಳಿಯುತ್ತದೆಯಾ?

ಹಳಬರು ಇದನ್ನೆಲ್ಲ ಯೋಚಿಸಿದ್ದರು. ಕಂಪ್ಯೂಟರ್ ವಿಜ್ಞಾನಿ ರೀಡ್ ಸ್ಮಿತ್ 1980ರಲ್ಲೇ ಕಾಂಟ್ರಾಕ್ಟ್ ನೆಟ್ ಎಂಬ ಕೆಲಸ ಹಂಚುವ ಪದ್ಧತಿಯ ಬಗ್ಗೆ ಬರೆದರು. ಒಬ್ಬ ಕೆಲಸ ಕೂಗುತ್ತಾನೆ, ಉಳಿದವರು ದರ ಹೇಳುತ್ತಾರೆ, ಕೂಗಿದವನು ಆರಿಸಿದವನಿಗೆ ಕೆಲಸ. ಇಟಲಿಯ ಟೆಲಿಕಾಂ ಪ್ರಯೋಗಾಲಯದಲ್ಲಿ ಹುಟ್ಟಿ 2000ರಲ್ಲಿ ಓಪನ್ ಸೋರ್ಸ್ ಆದ ಜೇಡ್ ಎಂಬ ಏಜೆಂಟ್ ಪ್ಲಾಟ್‌ಫಾರ್ಮ್‌ನಲ್ಲಿ ಇದು ಸಿದ್ಧವಾಗಿಯೇ ಸಿಗುತ್ತದೆ. ಕರೆಯ ಜೊತೆಗೇ ಇಷ್ಟು ಹೊತ್ತಿನೊಳಗೆ ಉತ್ತರ ಕೊಡಿ ಎಂದು ಗಡುವು ಹಾಕಬಹುದು. ಗಡುವು ಮುಗಿದರೆ ಬಂದಷ್ಟರಲ್ಲೇ ಆಯ್ಕೆ. ಎರಡು ಏಜೆಂಟ್‌ಗಳು "ಅರ್ಥವಾಗಲಿಲ್ಲ", "ನಿನ್ನ ಅರ್ಥವಾಗಲಿಲ್ಲ ಅನ್ನೋದು ಅರ್ಥವಾಗಲಿಲ್ಲ" ಎಂದು ರಾತ್ರಿಯಿಡೀ ಮಾತಾಡಿಕೊಂಡು ಕೂರಬಾರದಲ್ಲ? ಅದಕ್ಕೆ ಏಜೆಂಟ್‌ಗಳ ಮಾತುಕತೆಗೆ ಮಾನದಂಡ ರೂಪಿಸಿದ ಫಿಪಾ ಸಂಸ್ಥೆಯ ನಿಯಮದಲ್ಲೇ, ಅರ್ಥವಾಗಲಿಲ್ಲ ಎಂಬ ಸಂದೇಶಕ್ಕೆ ಮತ್ತೆ ಹಾಗೇ ಉತ್ತರಿಸುವಂತಿಲ್ಲ ಎಂದು ಬರೆದಿಟ್ಟರು. ಈಗಿನ ಭಾಷಾ ಮಾಡೆಲ್‌ಗಳ ಏಜೆಂಟ್‌ಗಳು ಒಂದಕ್ಕೊಂದು ಥ್ಯಾಂಕ್ಸ್ ಹೇಳಿಕೊಳ್ಳುತ್ತಾ ಟೋಕನ್ (ಮಾಡೆಲ್ ಬಳಕೆಯನ್ನು ಅಳೆಯುವ ಪದದ ಚೂರು) ಸುಡುವುದನ್ನು ನೋಡಿದಾಗೆಲ್ಲ ನನಗೆ ಆ ಸಾಲು ನೆನಪಾಗುತ್ತದೆ. ಹಾಗಂತ ಎಲ್ಲರೂ ಜೇಡ್ ಹಿಡಿಯಿರಿ ಎನ್ನುತ್ತಿಲ್ಲ. ಅಲ್ಲಿ ಏಜೆಂಟ್‌ಗೆ ಒಂದೇ ಥ್ರೆಡ್, ಅಂದರೆ ಒಮ್ಮೆಗೆ ಒಂದೇ ಕೆಲಸ. ಒಂದು ಬಿಹೇವಿಯರ್ (ಏಜೆಂಟ್‌ನ ಒಂದು ಕೆಲಸದ ಕೋಡ್) ಒಳಗೆ ಯಾರಾದರೂ ಸುಮ್ಮನೆ ಕಾಯಿಸುವ ಸ್ಲೀಪ್ ಬರೆದರೆ ಇಡೀ ಏಜೆಂಟ್ ಮಲಗುತ್ತದೆ.

ಪ್ಲಾಟ್‌ಫಾರ್ಮ್‌ಗಳ ಆಯಸ್ಸಿನ ಮಾತು ಬೇಗ ಮುಗಿಸುತ್ತೇನೆ. ಮೈಕ್ರೋಸಾಫ್ಟ್‌ನ ಆಟೋಜೆನ್ 2025ರ ಜನವರಿಯಲ್ಲಿ ಬುಡದಿಂದ ಬದಲಾಗಿ ಹೊಸ ಆವೃತ್ತಿ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಏಜೆಂಟ್ ಫ್ರೇಮ್‌ವರ್ಕ್ ಎಂಬ ಇನ್ನೊಂದನ್ನು ಮುಂದಿಟ್ಟಿತು. ಹಾಗಾಗಿ ಲಾರಿ ಬುಕ್ ಮಾಡುವ ಕೋಡನ್ನು ಯಾವ ಪ್ಲಾಟ್‌ಫಾರ್ಮಿಗೂ ಅಂಟಿಸದೆ ಬೇರೆ ಇಟ್ಟುಕೊಳ್ಳಿ.

ಹಾಗಾದರೆ ಯಾವುದು ತಗೊಳ್ಳೋದು? ನಿಮ್ಮ ಕೆಲಸ ನೋಡದೆ ಹೆಸರು ಹೇಳಿದರೆ ಅದು ಸುಮ್ನೆ ಬಾಯಿಮಾತು. ಐದು ಏಜೆಂಟ್ ಎಂದು ಬಂದವರಲ್ಲಿ ಎಷ್ಟೋ ಜನರಿಗೆ ಒಂದು ಏಜೆಂಟ್ ಮತ್ತು ನಾಲ್ಕು ಸಾದಾ ಫಂಕ್ಷನ್ ಸಾಕಾಗಿದೆ. ಪಟ್ಟಿಯಲ್ಲಿ ಎರಡು ಉಳಿದಾಗ ಎರಡರಲ್ಲೂ ಅದೇ ಚಿಕ್ಕ ಕೆಲಸ ಕಟ್ಟಿಸುತ್ತೇನೆ. ನಡುವೆ ಓಡುತ್ತಿರುವ ಪ್ರೋಗ್ರಾಂ ಅನ್ನು ತಟ್ಟನೆ ನಿಲ್ಲಿಸಿ ಮತ್ತೆ ಎಬ್ಬಿಸುತ್ತೇನೆ. ಹತ್ತು ಸಲ, ಬೇರೆ ಬೇರೆ ಕ್ಷಣದಲ್ಲಿ. ಆಮೇಲೆ ಎಷ್ಟು ಬುಕಿಂಗ್ ಆಗಿವೆ ಎಂದು ಎಣಿಸುತ್ತೇವೆ.

ಮೊನ್ನೆ ಬಂದ ಗಿರಾಕಿಯ ಮುಂದೆ ಇದನ್ನೇ ಮಾಡಿದೆ. ಹತ್ತು ಆರ್ಡರ್‌ಗೆ ಹದಿಮೂರು ಬುಕಿಂಗ್. ಅವರು ಸ್ವಲ್ಪ ಹೊತ್ತು ಶೀಟ್ ನೋಡುತ್ತಾ ಕೂತರು. ಆಮೇಲೆ ಸ್ಟಾರ್ ಎಣಿಸಿದ್ದ ಕಾಲಂ ಅಳಿಸಿ, "ಇಲ್ಲಿ ಏನಂತ ಬರೀಲಿ ಸರ್?" ಎಂದು ಕೇಳಿದರು.