ಲಿನಕ್ಸ್ ಕ್ಲಸ್ಟರ್: ಯಂತ್ರಗಳನ್ನೆಲ್ಲ ಒಂದೇ ದಾರಿಗೆ ತರುವ ಕೆಲಸ

ಹಲವು ಕಂಪ್ಯೂಟರ್‌ಗಳನ್ನು ನೆಟ್‌ವರ್ಕ್‌ನಲ್ಲಿ ಜೋಡಿಸಿ ಒಂದೇ ಕೆಲಸಕ್ಕೆ ಹಚ್ಚಿದರೆ ಅದು ಕ್ಲಸ್ಟರ್. ಆ ಹೆಸರು ಕೇಳಿದ ತಕ್ಷಣ ಎಲ್ಲರೂ ಕೇಳುವುದು ವೇಗದ ಲೆಕ್ಕ. ಎಷ್ಟು ಕೋರ್? ಎಷ್ಟು ಟೆರಾಫ್ಲಾಪ್? ಕಟ್ಟಲು ಕೂತವರ ತಲೆನೋವೇ ಬೇರೆ. ಎಲ್ಲ ಯಂತ್ರಗಳ ಗಡಿಯಾರ ಒಂದೇ ಸಮಯ ತೋರಿಸಬೇಕು. ಬಳಕೆದಾರರಿಗೆ ಲಿನಕ್ಸ್ ಕೊಡುವ ನಂಬರ್ (ಯುಐಡಿ) ಎಲ್ಲ ಕಡೆ ಒಂದೇ ಇರಬೇಕು. ಲೈಬ್ರರಿಗಳ ಆವೃತ್ತಿಯೂ ಹೊಂದಬೇಕು. ಇದರಲ್ಲಿ ಒಂದು ತಪ್ಪಿದರೂ ಕೋರ್‌ಗಳ ಲೆಕ್ಕ ಕಾಗದದ ಮೇಲೇ ಉಳಿಯುತ್ತದೆ. ಈ ಟಿಪ್ಪಣಿಯಲ್ಲಿ ಆ ಹೊಂದಾಣಿಕೆಗೇ ಜಾಸ್ತಿ ಜಾಗ ಕೊಟ್ಟಿದ್ದೇನೆ. ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಎಲ್ಲಿಂದ ಶುರುವಾಯಿತು

1994ರಲ್ಲಿ ನಾಸಾದ ಗಾಡರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ 16 ಸಾಮಾನ್ಯ ಕಂಪ್ಯೂಟರ್‌ಗಳನ್ನು ಈಥರ್‌ನೆಟ್‌ನಲ್ಲಿ ಜೋಡಿಸಿದರು. ಒಳಗಿದ್ದದ್ದು ಇಂಟೆಲ್ 486 ಡಿಎಕ್ಸ್4 ಪ್ರೊಸೆಸರ್. ಹೆಸರು ಬೇವುಲ್ಫ್. ಅಗ್ಗದ ಯಂತ್ರ ಎಂಬ ಮಾತನ್ನೇ ಎಲ್ಲರೂ ನೆನಪಿಡುತ್ತಾರೆ. ನನಗೆ ಮುಖ್ಯ ಅನಿಸುವುದು ಇನ್ನೊಂದು ವಿಷಯ: ಲಿನಕ್ಸ್‌ಗೆ ಬೇಕಾದ ಎಷ್ಟೋ ಈಥರ್‌ನೆಟ್ ಡ್ರೈವರ್‌ಗಳನ್ನು ಬೆಕರ್ ತಾವೇ ಬರೆದರು. ಕರ್ನಲ್‌ನ ಸೋರ್ಸ್ ಕೈಯಲ್ಲಿದ್ದರಿಂದಲೇ ಅದು ಸಾಧ್ಯವಾಯಿತು. ಅದೇ ವರ್ಷ ಎಂಪಿಐ ಮಾನದಂಡದ ಮೊದಲ ಆವೃತ್ತಿಯೂ ಬಂತು. ಯಂತ್ರಗಳ ನಡುವೆ ಸಂದೇಶ ಕಳಿಸುವ ರೀತಿ ಎಲ್ಲರಿಗೂ ಒಂದೇ ಆಯಿತು. 2017ರ ನವೆಂಬರ್‌ನಿಂದ ಜಗತ್ತಿನ ಅತಿ ವೇಗದ ಕಂಪ್ಯೂಟರ್‌ಗಳ ಟಾಪ್500 ಪಟ್ಟಿಯ ಐನೂರಕ್ಕೆ ಐನೂರು ಯಂತ್ರಗಳೂ ಲಿನಕ್ಸ್‌ನಲ್ಲೇ ಓಡುತ್ತಿವೆ.

ಯಾರು ಯಾರು ಇರುತ್ತಾರೆ

ಕ್ಲಸ್ಟರ್‌ನ ಒಂದೊಂದು ಯಂತ್ರವೂ ಒಂದು ನೋಡ್. ಹೊರಗಿನಿಂದ ನಾವು ಲಾಗಿನ್ ಆಗುವುದು ಹೆಡ್ ನೋಡ್‌ಗೆ. ಲೆಕ್ಕ ಮಾಡುವುದು ಕಂಪ್ಯೂಟ್ ನೋಡ್‌ಗಳು. ಇವೆರಡರ ನಡುವೆ ಒಳಗಿನ ನೆಟ್‌ವರ್ಕ್, ಜೊತೆಗೆ ಎಲ್ಲರೂ ನೋಡಬಲ್ಲ ಒಂದು ಸ್ಟೋರೇಜ್. ದೊಡ್ಡ ಜಾಗಗಳಲ್ಲಿ ಲಾಗಿನ್‌ಗೆ ಬೇರೆ, ಮ್ಯಾನೇಜ್‌ಮೆಂಟ್‌ಗೆ ಬೇರೆ ಯಂತ್ರ ಇಡುತ್ತಾರೆ. ಕಲಿಯುವುದಕ್ಕೆ ಲ್ಯಾಪ್‌ಟಾಪ್‌ನಲ್ಲಿ ಮೂರು ವರ್ಚುವಲ್ ಮಷೀನ್ ಸಾಕು: ಒಂದು ಹೆಡ್, ಎರಡು ಕಂಪ್ಯೂಟ್. ವೇಗ ಏನೂ ಸಿಗುವುದಿಲ್ಲ, ಆದರೆ ಇಲ್ಲಿ ಹೇಳುವ ಹೆಚ್ಚಿನ ಸಮಸ್ಯೆಗಳು ಅಲ್ಲೂ ಬರುತ್ತವೆ. ಕಲಿಯೋರಿಗೆ ಅದೇ ತಾನೇ ಬೇಕಿರೋದು?

ನೋಡ್ ಬೂಟ್ ಆಗುವ ಬಗೆ

ಪ್ರತಿ ನೋಡ್‌ಗೂ ಯುಎಸ್‌ಬಿ ಚುಚ್ಚಿ ಲಿನಕ್ಸ್ ಇನ್‌ಸ್ಟಾಲ್ ಮಾಡುವುದು ಎರಡು ಮೂರು ಯಂತ್ರದ ತನಕ ಸರಿ. ಆಮೇಲೆ ಆಗದ ಮಾತು. ಅದಕ್ಕೇ ನೆಟ್‌ವರ್ಕ್ ಮೂಲಕವೇ ಬೂಟ್ ಮಾಡುವ ಪಿಎಕ್ಸ್‌ಇ ಇದೆ. ಇದನ್ನು ಹಂತ ಹಂತವಾಗಿ ತಿಳಿದುಕೊಂಡರೆ ಮುಂದೆ ತುಂಬಾ ಸಮಯ ಉಳಿಯುತ್ತದೆ.

ನೋಡ್ ಆನ್ ಆದಾಗ ನೆಟ್‌ವರ್ಕ್ ಕಾರ್ಡ್‌ನ ಫರ್ಮ್‌ವೇರ್ ಐಪಿ ವಿಳಾಸ ಕೇಳಿ ಡಿಎಚ್‌ಸಿಪಿ ಕೂಗು ಹಾಕುತ್ತದೆ. ಹೆಡ್ ನೋಡ್ ಅದಕ್ಕೆ ಒಂದು ಐಪಿ ಕೊಟ್ಟು, ಯಾವ ಫೈಲನ್ನು ಯಾವ ಸರ್ವರ್‌ನಿಂದ ತರಬೇಕು ಎಂದೂ ಹೇಳುತ್ತದೆ. ನೋಡ್ ಆ ಬೂಟ್‌ಲೋಡರನ್ನು ಟಿಎಫ್‌ಟಿಪಿ ಎಂಬ ಸರಳ ಫೈಲ್ ಸಾಗಣೆಯಲ್ಲಿ ಇಳಿಸಿಕೊಳ್ಳುತ್ತದೆ. ಆಮೇಲೆ ಕರ್ನಲ್, ಅದರ ಜೊತೆ ಇನಿಟ್‌ರಾಮ್‌ಎಫ್‌ಎಸ್ ಎಂಬ ಬೂಟ್ ಕಾಲದ ಚಿಕ್ಕ ಫೈಲ್ ಸಿಸ್ಟಂ. ಕೊನೆಗೆ ಇಡೀ ಆಪರೇಟಿಂಗ್ ಸಿಸ್ಟಂನ ಇಮೇಜ್. ಬೂಟ್ ನಿಂತುಹೋದರೆ ಎಲ್ಲಿ ನಿಂತಿತು ಎಂದು ಈ ಸಾಲಿನಲ್ಲಿ ಹುಡುಕಿ. ಐಪಿಯೇ ಬರಲಿಲ್ಲವೇ? ಡಿಎಚ್‌ಸಿಪಿ ಅಥವಾ ಕೇಬಲ್ ನೋಡಿ. ಐಪಿ ಬಂದು ಫೈಲ್ ಬರಲಿಲ್ಲವೇ? ಫೈರ್‌ವಾಲ್‌ನಲ್ಲಿ ಯುಡಿಪಿ ಪೋರ್ಟ್ 69 ತೆರೆದಿದೆಯೇ ನೋಡಿ. ಮೂಲ ಟಿಎಫ್‌ಟಿಪಿ ಒಂದು ಸಲಕ್ಕೆ 512 ಬೈಟ್ ಮಾತ್ರ ಕಳಿಸಿ ಉತ್ತರಕ್ಕೆ ಕಾಯುತ್ತದೆ. ಹಾಗಾಗಿ ದೊಡ್ಡ ಇಮೇಜನ್ನು ಅದರಲ್ಲಿ ತರುವುದು ಬೇಡ. ಐಪಿಎಕ್ಸ್‌ಇ ಎಂಬ ಬೂಟ್‌ಲೋಡರ್ ಬಳಸಿದರೆ ಎಚ್‌ಟಿಟಿಪಿಯಲ್ಲೇ ತರಬಹುದು.

ವೇರ್‌ವುಲ್ಫ್ ಎಂಬ ಸಾಫ್ಟ್‌ವೇರ್ ಈ ಕೆಲಸವನ್ನೆಲ್ಲ ನೋಡಿಕೊಳ್ಳುತ್ತದೆ. ಅದರಲ್ಲಿ ನೋಡ್‌ನ ಆಪರೇಟಿಂಗ್ ಸಿಸ್ಟಂ ಸಾಮಾನ್ಯವಾಗಿ ಡಿಸ್ಕ್‌ನಲ್ಲಿ ಇರುವುದೇ ಇಲ್ಲ, ರಾಮ್‌ನಲ್ಲಿ ಇರುತ್ತದೆ. ರೀಬೂಟ್ ಮಾಡಿದರೆ ಎಲ್ಲ ಹೊಸದು. ಯಾರೋ ಒಂದು ನೋಡ್‌ಗೆ ಹೋಗಿ ಸುಮ್ನೆ ಒಂದು ಪ್ಯಾಕೇಜ್ ಹಾಕಿದ್ದರೂ ಮುಂದಿನ ಬೂಟ್‌ಗೆ ಅದು ಮಾಯ. ಇದು ಕಿರಿಕಿರಿ ಅನಿಸಬಹುದು, ಆದರೆ ಎಲ್ಲ ನೋಡ್‌ಗಳೂ ಒಂದೇ ಥರ ಇರುವುದಕ್ಕೆ ಇದಕ್ಕಿಂತ ಗಟ್ಟಿ ಉಪಾಯ ಇಲ್ಲ. ಬದಲಾವಣೆ ಬೇಕಾದರೆ ಇಮೇಜ್‌ನಲ್ಲೇ ಮಾಡಬೇಕು. ಇಮೇಜ್ ರಾಮ್ ತಿನ್ನುತ್ತದೆ ಎಂಬುದು ಮಾತ್ರ ನೆನಪಿರಲಿ, ಅದನ್ನು ಚಿಕ್ಕದಾಗಿ ಇಡಿ.

2015ರಲ್ಲಿ ಲಿನಕ್ಸ್ ಫೌಂಡೇಶನ್ ಅಡಿಯಲ್ಲಿ ಶುರುವಾದ ಓಪನ್‌ಎಚ್‌ಪಿಸಿ ಇದನ್ನೂ, ಮುಂದೆ ಹೇಳುವ ಎಷ್ಟೋ ಸಾಫ್ಟ್‌ವೇರನ್ನೂ ಒಟ್ಟಿಗೆ ಪ್ಯಾಕ್ ಮಾಡಿ ಕೊಡುತ್ತದೆ. ಜೊತೆಗೆ ಬರುವ ಇನ್‌ಸ್ಟಾಲ್ ಕೈಪಿಡಿ ಚೆನ್ನಾಗಿದೆ, ಕಲಿಯಲು ಅದರಿಂದಲೇ ಶುರು ಮಾಡಿ. ಹಳೆಯ ಪಾಠಗಳಲ್ಲಿ ಸೆಂಟ್‌ಓಎಸ್ ಎಂದಿದ್ದ ಕಡೆ ಈಗ ರಾಕಿ ಲಿನಕ್ಸ್ ಎಂದು ಓದಿಕೊಳ್ಳಿ, ಆದರೆ ಪ್ಯಾಕೇಜ್ ಹೆಸರುಗಳು ಬದಲಾಗಿರಬಹುದು. ರಾಕಿ ಶುರು ಮಾಡಿದ ಗ್ರೆಗೊರಿ ಕರ್ಟ್ಜರ್ ಅವರೇ ವೇರ್‌ವುಲ್ಫ್‌ನ ಹಿಂದೆಯೂ ಇರುವವರು.

ಗಡಿಯಾರ, ಕೀಲಿ, ನಂಬರ್

ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಅಂತಾರಲ್ಲ, ಕ್ಲಸ್ಟರ್‌ನಲ್ಲಿ ಅಂಥ ಒಂದು ನೋಡ್ ಇದ್ದರೆ ಸಾಕು.

ಮೊದಲು ಗಡಿಯಾರ. ಯಾರ ಕೆಲಸ (ಜಾಬ್) ಯಾವಾಗ ಯಾವ ನೋಡ್‌ನಲ್ಲಿ ಓಡಬೇಕು ಎಂದು ನಿರ್ಧರಿಸುವ ಶೆಡ್ಯೂಲರ್ ಸ್ಲರ್ಮ್. ಅದರ ಭಾಗಗಳು ಒಬ್ಬರನ್ನೊಬ್ಬರು ಗುರುತಿಸಲು ಮಂಜ್ ಬಳಸುತ್ತವೆ. ಮಂಜ್ ಕೊಡುವ ಚೀಟಿಗೆ ಆಯುಸ್ಸು ಮಾಮೂಲಾಗಿ 300 ಸೆಕೆಂಡು. ಒಂದು ನೋಡ್‌ನ ಗಡಿಯಾರ ಐದು ನಿಮಿಷಕ್ಕಿಂತ ಜಾಸ್ತಿ ಮುಂದೆ ಹೋಗಿದ್ದರೆ, ಈಗ ತಾನೇ ಬಂದ ಚೀಟಿಯೂ ಅದರ ಕಣ್ಣಿಗೆ ಹಳಸಿದ್ದು. ಪರೀಕ್ಷೆ ಸುಲಭ. ಹೆಡ್ ನೋಡ್‌ನಲ್ಲಿ ಹೀಗೆ ಕೊಡಿ:

ಮಂಜ್ -ಎನ್ | ಎಸ್‌ಎಸ್‌ಎಚ್ ನೋಡ್01 ಅನ್‌ಮಂಜ್

ಉತ್ತರದಲ್ಲಿ ‘ಸಕ್ಸೆಸ್’ ಎಂದರೆ ಸರಿ. ‘ಎಕ್ಸ್‌ಪೈರ್ಡ್’ ಅಥವಾ ‘ರಿವೌಂಡ್’ ಎಂದು ಬಂದರೆ ಗಡಿಯಾರದ ತಕರಾರು: ಮೊದಲನೆಯದರಲ್ಲಿ ಚೀಟಿ ಹಳತು, ಎರಡನೆಯದರಲ್ಲಿ ಅದು ಭವಿಷ್ಯದಿಂದ ಬಂದ ಹಾಗೆ ಕಾಣುತ್ತಿದೆ. ‘ಇನ್‌ವ್ಯಾಲಿಡ್’ ಎಂದರೆ ಕೀಲಿ ಫೈಲ್ ಎರಡು ಕಡೆ ಬೇರೆ ಬೇರೆ ಇದೆಯೇ ನೋಡಿ. ಕೀಲಿ ಎಲ್ಲ ನೋಡ್‌ಗಳಲ್ಲೂ ಒಂದೇ ಇರಬೇಕು, ಮಂಜ್ ಬಳಕೆದಾರನಿಗೆ ಬಿಟ್ಟು ಬೇರೆ ಯಾರಿಗೂ ಓದಲು ಬರಬಾರದು. ಗಡಿಯಾರಗಳನ್ನು ಹೊಂದಿಸಿಡುವ ಕ್ರೋನಿ ಎಂಬ ಪ್ರೋಗ್ರಾಂ ಹಾಕಿ, ಹೆಡ್ ನೋಡನ್ನೇ ಎಲ್ಲರ ಸಮಯದ ಮೂಲ ಮಾಡಿ.

ಆಮೇಲೆ ಬಳಕೆದಾರರ ನಂಬರ್. ನೆಟ್‌ವರ್ಕ್‌ನಲ್ಲಿ ಫೈಲ್ ಹಂಚುವ ಎನ್‌ಎಫ್‌ಎಸ್ ಅದರ ಮಾಮೂಲಿ ಸೆಟ್ಟಿಂಗ್‌ನಲ್ಲಿ ಹೆಸರು ನೋಡಿ ಅನುಮತಿ ಕೊಡುವುದಿಲ್ಲ, ನಂಬರ್ ನೋಡುತ್ತದೆ. ಹೆಡ್ ನೋಡ್‌ನಲ್ಲಿ ನಿಮ್ಮ ನಂಬರ್ 1001, ನೋಡ್02ರಲ್ಲಿ 1003 ಅಂದುಕೊಳ್ಳಿ. ಅಲ್ಲಿ ನಿಮ್ಮ ಹೋಮ್ ಡೈರೆಕ್ಟರಿ ಬೇರೆ ಯಾರದ್ದೋ ಆಗಿರುತ್ತದೆ. ಜಾಬ್ ಓಡಿದಂತೆ ಮಾಡಿ, ಔಟ್‌ಪುಟ್ ಫೈಲ್ ಬರೆಯಲಾಗದೆ ಸಾಯುತ್ತದೆ. ಚಿಕ್ಕ ಕ್ಲಸ್ಟರ್‌ಗೆ ಪಾಸ್‌ವರ್ಡ್ ಮತ್ತು ಗ್ರೂಪ್ ಫೈಲ್‌ಗಳನ್ನು ಎಲ್ಲ ಕಡೆ ನಕಲು ಮಾಡಿದರೆ ಸಾಕು. ಜನ ಜಾಸ್ತಿಯಾದರೆ ಬಳಕೆದಾರರ ಪಟ್ಟಿಯನ್ನು ಒಂದೇ ಕಡೆ ಇಡುವ ಎಲ್‌ಡ್ಯಾಪ್ ಅಥವಾ ಫ್ರೀಐಪಿಎ.

ಸ್ಲರ್ಮ್

ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಹುಟ್ಟಿದ ಶೆಡ್ಯೂಲರ್ ಇದು. ಹೆಡ್ ನೋಡ್‌ನಲ್ಲಿ ಸ್ಲರ್ಮ್‌ಸಿಟಿಎಲ್‌ಡಿ, ಪ್ರತಿ ನೋಡ್‌ನಲ್ಲಿ ಸ್ಲರ್ಮ್‌ಡಿ, ಯಾರು ಎಷ್ಟು ಬಳಸಿದರು ಎಂಬ ಲೆಕ್ಕಕ್ಕೆ ಸ್ಲರ್ಮ್‌ಡಿಬಿಡಿ. ಸ್ಲರ್ಮ್.ಕಾನ್ಫ್ ಫೈಲ್ ಎಲ್ಲ ಕಡೆ ಒಂದೇ ಇರಬೇಕು. ಬೇರೆ ಆದರೆ ಲಾಗ್‌ನಲ್ಲಿ ಎಚ್ಚರಿಕೆ ಬರುತ್ತದೆ, ಅದನ್ನು ಕಡೆಗಣಿಸಬೇಡಿ.

ಹೊಸಬರು ಮೊದಲು ಕಾಣುವ ದೃಶ್ಯ ಇದು: ಎಲ್ಲ ಸರಿ ಮಾಡಿ ‘ಎಸ್‌ಇನ್ಫೋ’ ಕೊಟ್ಟರೆ ಒಂದು ನೋಡ್ ‘ಡ್ರೇನ್’ ಸ್ಥಿತಿಯಲ್ಲಿ, ಅಂದರೆ ಹೊಸ ಜಾಬ್ ತೆಗೆದುಕೊಳ್ಳುವುದಿಲ್ಲ. ‘ಎಸ್‌ಇನ್ಫೋ -ಆರ್’ (ಆರ್ ದೊಡ್ಡಕ್ಷರ) ಕೊಟ್ಟರೆ ಕಾರಣ ಸಿಗುತ್ತದೆ: ‘ಲೋ ರಿಯಲ್‌ಮೆಮೊರಿ’. ಅಂದರೆ ಕಾನ್ಫಿಗ್‌ನಲ್ಲಿ ನಾವು ಬರೆದ ಮೆಮೊರಿಗಿಂತ ನೋಡ್‌ನಲ್ಲಿ ನಿಜವಾಗಿ ಇರುವುದು ಕಡಿಮೆ. 16 ಜಿಬಿ ಎಂದು 16384 ಬರೆದಿರುತ್ತೇವೆ, ಕರ್ನಲ್ ತನ್ನ ಪಾಲು ತೆಗೆದ ಮೇಲೆ ಅಷ್ಟು ಉಳಿದಿರುವುದಿಲ್ಲ. ಊಹೆ ಬೇಡ. ಆ ನೋಡ್‌ನಲ್ಲಿ ‘ಸ್ಲರ್ಮ್‌ಡಿ -ಸಿ’ (ಸಿ ದೊಡ್ಡಕ್ಷರ) ಕೊಡಿ, ಯಂತ್ರ ತನ್ನ ವಿವರ ತಾನೇ ಹೇಳುತ್ತದೆ. ಅದಕ್ಕಿಂತ ತುಸು ಕಡಿಮೆ ಬರೆದು, ಕಾನ್ಫಿಗ್ ಮತ್ತೆ ಓದಿಸಿ, ‘ಎಸ್‌ಕಂಟ್ರೋಲ್ ಅಪ್‌ಡೇಟ್’ನಲ್ಲಿ ಸ್ಥಿತಿಯನ್ನು ‘ರೆಸ್ಯೂಮ್’ ಮಾಡಿ.

ಈಗ ಜಾಬ್. ಒಂದು ಬ್ಯಾಚ್ ಸ್ಕ್ರಿಪ್ಟ್‌ನಲ್ಲಿ ಮೂರು ಸಾಲು ಮುಖ್ಯ: ಎಷ್ಟು ನೋಡ್, ನೋಡ್‌ಗೆ ಎಷ್ಟು ಟಾಸ್ಕ್, ಎಷ್ಟು ಹೊತ್ತು. ಮೂರನೆಯದನ್ನು ಎಲ್ಲರೂ ಬಿಡುತ್ತಾರೆ, ಆಮೇಲೆ ನನ್ನ ಜಾಬ್ ಯಾಕೆ ಕ್ಯೂನಲ್ಲೇ ಇದೆ ಎಂದು ಕೇಳುತ್ತಾರೆ. ನಾಲ್ಕು ನೋಡ್ ಇದೆ, ಮೂರು ಇನ್ನೂ ಎರಡು ಗಂಟೆ ಬ್ಯುಸಿ ಅಂದುಕೊಳ್ಳಿ. ಕ್ಯೂನ ಮುಂದೆ ಇರುವ ಜಾಬ್‌ಗೆ ನಾಲ್ಕೂ ಬೇಕು, ಅದು ಕಾಯಲೇಬೇಕು. ಈಗ ಒಂದು ನೋಡ್ ಎರಡು ಗಂಟೆ ಸುಮ್ನೆ ಕೂತಿರುತ್ತದೆ ಅಲ್ವಾ? ಒಂದು ನೋಡ್, ಒಂದು ಗಂಟೆ ಎಂದು ಕೇಳಿದ ಚಿಕ್ಕ ಜಾಬ್ ಹಿಂದೆ ಇದ್ದರೂ ಅಲ್ಲಿಗೆ ನುಗ್ಗಬಹುದು, ಮುಂದಿನವರಿಗೆ ಒಂದು ನಿಮಿಷವೂ ತಡವಾಗುವುದಿಲ್ಲ. ಇದೇ ಬ್ಯಾಕ್‌ಫಿಲ್. ಅದೇ ಜಾಬ್‌ಗೆ ಸಮಯ ಹೇಳದಿದ್ದರೆ ಸ್ಲರ್ಮ್ ಪಾರ್ಟಿಷನ್‌ನ (ನೋಡ್‌ಗಳ ಗುಂಪಿನ) ಮಾಮೂಲಿ ಮಿತಿಯನ್ನೇ ಹಿಡಿಯುತ್ತದೆ. ಅದು ಒಂದು ದಿನ ಇದ್ದರೆ ಈ ಕಿಂಡಿ ಮುಚ್ಚಿತು. ಹಾಗಂತ ತೀರಾ ಕಡಿಮೆ ಹೇಳಿದರೆ ಸಮಯ ಮುಗಿದಾಗ ಜಾಬನ್ನು ಕೊಲ್ಲುತ್ತದೆ. ಮುಗಿದ ಜಾಬ್‌ಗಳಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ‘ಎಸ್‌ಎಸಿಸಿಟಿ’ಯಲ್ಲಿ ನೋಡಿ, ಅದರ ಮೇಲೆ ಸ್ವಲ್ಪ ಸೇರಿಸಿ ಕೇಳಿ.

ಮೆಮೊರಿಗೂ ಕರ್ನಲ್‌ನ ಸಿಗ್ರೂಪ್ ಮೂಲಕ ಮಿತಿ ಹಾಕಿ. ಇಲ್ಲದಿದ್ದರೆ ಒಬ್ಬರ ಜಾಬ್ ರಾಮ್ ಎಲ್ಲ ನುಂಗಿ ಪಕ್ಕದವರ ಜಾಬನ್ನೂ ಸಾಯಿಸುತ್ತದೆ.

ಪ್ರೋಗ್ರಾಂ ಓಡಿದರೂ ನಿಧಾನ ಯಾಕೆ

ಆಮ್ಡಾಲ್ ನಿಯಮ ಮೊದಲು. ಪ್ರೋಗ್ರಾಂನ ಶೇಕಡ 5 ಭಾಗವನ್ನು ಹಂಚಲು ಆಗದಿದ್ದರೆ, 16 ಕೋರ್ ಕೊಟ್ಟಾಗ ವೇಗ ಸುಮಾರು 9 ಪಟ್ಟು. 64 ಕೊಟ್ಟರೆ ಸುಮಾರು 15 ಪಟ್ಟು. ಎಷ್ಟೇ ಕೊಟ್ಟರೂ 20 ದಾಟುವುದಿಲ್ಲ. ಇನ್ನಷ್ಟು ನೋಡ್ ಕೇಳುವ ಮೊದಲು 1, 2, 4, 8 ಎಂದು ಓಡಿಸಿ ಸಮಯ ಬರೆದಿಟ್ಟುಕೊಳ್ಳಿ.

ಎರಡನೆಯದು ನೆಟ್‌ವರ್ಕ್. ಗಿಗಾಬಿಟ್ ಈಥರ್‌ನೆಟ್ ಸೆಕೆಂಡಿಗೆ ಹೆಚ್ಚೆಂದರೆ 125 ಎಂಬಿ ಸಾಗಿಸುತ್ತದೆ. ಒಂದು ಚಿಕ್ಕ ಸಂದೇಶ ಆ ಕಡೆ ತಲುಪಲು ಹತ್ತಾರು ಮೈಕ್ರೊಸೆಕೆಂಡು ಬೇಕು. ಇನ್ಫಿನಿಬ್ಯಾಂಡ್‌ನಲ್ಲಿ ಅದು ಒಂದೆರಡು ಮೈಕ್ರೊಸೆಕೆಂಡಿಗೆ ಇಳಿಯುತ್ತದೆ. ಪ್ರೋಗ್ರಾಂಗಳು ಮಾತೇ ಆಡದೆ ತಂತಮ್ಮ ಕೆಲಸ ಮಾಡುವಂಥವಾದರೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ, ಈಥರ್‌ನೆಟ್ ಧಾರಾಳ ಸಾಕು.

ಮೂರನೆಯದನ್ನು ಜನ ಬೇಗ ಪತ್ತೆ ಮಾಡುವುದಿಲ್ಲ. 8 ಕೋರ್‌ನ ನೋಡ್‌ನಲ್ಲಿ 8 ಎಂಪಿಐ ಟಾಸ್ಕ್ ಹಾಕಿದ್ದೀರಿ. ಒಳಗೆ ಮ್ಯಾಟ್ರಿಕ್ಸ್ ಲೆಕ್ಕದ ಲೈಬ್ರರಿ ಓಪನ್‌ಬ್ಲಾಸ್ ಇದೆ. ಅದು ಪ್ರತಿ ಟಾಸ್ಕ್‌ನಲ್ಲೂ ಕಂಡ ಕೋರ್‌ಗಳಷ್ಟು ಥ್ರೆಡ್ ಎಬ್ಬಿಸಬಹುದು. 8 ಕೋರ್‌ಗೆ 64 ಥ್ರೆಡ್ ಜಗ್ಗಾಡುತ್ತವೆ. ‘ಟಾಪ್’ನಲ್ಲಿ ಲೋಡ್ ನೋಡಿದರೆ ಗೊತ್ತಾಗುತ್ತದೆ. ಸ್ಕ್ರಿಪ್ಟ್‌ನಲ್ಲಿ ‘ಓಎಂಪಿ_ನಮ್_ಥ್ರೆಡ್ಸ್=1’ (ಎಲ್ಲ ದೊಡ್ಡಕ್ಷರ) ಎಂದು ಎಕ್ಸ್‌ಪೋರ್ಟ್ ಮಾಡಿದರೆ ಸಾಮಾನ್ಯವಾಗಿ ಗಲಾಟೆ ಮುಗಿಯಿತು.

ಇನ್ನೊಂದು ಕಾರಣ: ಎಂಪಿಐ ಪ್ರೋಗ್ರಾಂನಲ್ಲಿ ಎಲ್ಲರೂ ಒಂದು ಕಡೆ ಸೇರಿ ಕಾಯುವ ಜಾಗಗಳಿರುತ್ತವೆ. ಫ್ಯಾನ್ ಕೆಟ್ಟು ಬಿಸಿಯಾಗಿ ಪ್ರೊಸೆಸರ್ ವೇಗ ಇಳಿಸಿಕೊಂಡ ಒಂದೇ ನೋಡ್ ಇದ್ದರೂ ಉಳಿದವೆಲ್ಲ ಅದರ ವೇಗಕ್ಕೇ ಇಳಿಯುತ್ತವೆ. ಒಂದೇ ನೋಡ್‌ನಲ್ಲಿ ಮುಗಿಯುವ ಚಿಕ್ಕ ಪರೀಕ್ಷೆಯನ್ನು ಪ್ರತಿ ನೋಡ್‌ನಲ್ಲೂ ಬೇರೆ ಬೇರೆಯಾಗಿ ಓಡಿಸಿ ಸಮಯ ಹೋಲಿಸಿದರೆ ಕಳ್ಳ ಸಿಗುತ್ತಾನೆ. ಇದಕ್ಕೆ ದೊಡ್ಡ ಮ್ಯಾಟ್ರಿಕ್ಸ್ ಲೆಕ್ಕ ಬಿಡಿಸಿ ವೇಗ ಅಳೆಯುವ ಎಚ್‌ಪಿಎಲ್ ಒಳ್ಳೆಯದು, ಟಾಪ್500 ಪಟ್ಟಿಯೂ ಅದರ ಮೇಲೇ ನಿಂತಿದೆ. ಅದರಲ್ಲಿ ಮ್ಯಾಟ್ರಿಕ್ಸ್‌ನ ಗಾತ್ರವನ್ನು ಮೆಮೊರಿಯ ಶೇಕಡ 80ರಷ್ಟು ತುಂಬುವಂತೆ ಇಡುವುದು ರೂಢಿ. ಒಂದು ಸಂಖ್ಯೆಗೆ 8 ಬೈಟ್. 16 ಜಿಬಿಯ ನಾಲ್ಕೂ ನೋಡ್ ಸೇರಿಸಿ ಓಡಿಸುವುದಾದರೆ ಗಾತ್ರ (ಸಾಲುಗಳ ಸಂಖ್ಯೆ) ಸುಮಾರು 82,000 ಬರುತ್ತದೆ.

ಸಾಫ್ಟ್‌ವೇರ್ ಮತ್ತು ಸ್ಟೋರೇಜ್

ಒಬ್ಬರಿಗೆ ಹಳೆಯ ಜಿಸಿಸಿ ಕಂಪೈಲರ್ ಬೇಕು, ಇನ್ನೊಬ್ಬರಿಗೆ ಹೊಸದು. ಸ್ಪ್ಯಾಕ್ ಅಥವಾ ಈಸಿಬಿಲ್ಡ್‌ನಲ್ಲಿ ಎರಡನ್ನೂ ಕಟ್ಟಿ, ಎಲ್‌ಮಾಡ್ ಮೂಲಕ ಬೇಕಾದ ಆವೃತ್ತಿಯನ್ನು ‘ಮಾಡ್ಯೂಲ್ ಲೋಡ್’ ಮಾಡಿಸಿ. ಎಲ್ಲವೂ ಹಂಚಿಕೊಂಡ ಡೈರೆಕ್ಟರಿಯಲ್ಲಿ ಇರಲಿ. ಒಂದು ಬಲೆ ಇದೆ: ಹೆಡ್ ನೋಡ್‌ನ ಪ್ರೊಸೆಸರ್ ಹೊಸದು, ಕಂಪ್ಯೂಟ್ ನೋಡ್‌ಗಳದ್ದು ಹಳೆಯದು ಇದ್ದಾಗ ‘ಮಾರ್ಚ್=ನೇಟಿವ್’ (ಈ ಯಂತ್ರದ ಪ್ರೊಸೆಸರ್‌ಗೇ ಹೊಂದಿಸು) ಎಂದು ಕಂಪೈಲ್ ಮಾಡಿದರೆ, ನೋಡ್‌ನಲ್ಲಿ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ಬಿದ್ದುಹೋಗುತ್ತದೆ. ಓಡುವ ನೋಡ್‌ನಲ್ಲೇ ಕಂಪೈಲ್ ಮಾಡುವುದು ಕ್ಷೇಮ. ಕಂಟೇನರ್ ಬೇಕೆಂದರೆ ಆಪ್‌ಟೈನರ್ ಇದೆ, ಸಿಂಗ್ಯುಲಾರಿಟಿ ಎಂದು ಮೊದಲು ಕರೆಯುತ್ತಿದ್ದದ್ದು.

ಸ್ಟೋರೇಜ್‌ಗೆ ಶುರುವಿನಲ್ಲಿ ಎನ್‌ಎಫ್‌ಎಸ್ ಸಾಕು. ಲಕ್ಷಗಟ್ಟಲೆ ಚಿಕ್ಕ ಫೈಲ್ ಬರೆಯುವ ಜಾಬ್ ಬಂದರೆ ಮಾತ್ರ ಎಲ್ಲರಿಗೂ ‘ಎಲ್‌ಎಸ್’ ಕೂಡ ನಿಧಾನವಾಗುತ್ತದೆ. ಅಂಥವನ್ನು ನೋಡ್‌ನ ಸ್ವಂತ ಡಿಸ್ಕ್‌ನಲ್ಲಿ ಬರೆಸಿ, ಕೊನೆಗೆ ಒಂದು ಟಾರ್ ಮಾಡಿ ಹೋಮ್‌ಗೆ ತರಿಸಿ. ದೊಡ್ಡ ಕ್ಲಸ್ಟರ್‌ಗಳ ಫೈಲ್ ಸಿಸ್ಟಂ ಲಸ್ಟರ್‌ನಲ್ಲಿ ಫೈಲ್ ಹೆಸರು, ಅನುಮತಿಗಳಿಗೆ ಒಂದು ಸರ್ವರ್, ಡೇಟಾಗೆ ಬೇರೆ ಸರ್ವರ್‌ಗಳು. ದೊಡ್ಡ ಫೈಲ್‌ಗೆ ಅದ್ಭುತ, ನಾಲ್ಕು ನೋಡ್‌ಗೆ ಅತಿಯಾಯಿತು.

ಅಪ್‌ಡೇಟ್ ಮಾಡುವ ದಿನ

ಓಡುತ್ತಿರುವ ಜಾಬ್‌ಗಳನ್ನು ಕೊಲ್ಲದೆ ಇಮೇಜ್ ಬದಲಿಸಬಹುದು. ‘ಎಸ್‌ಕಂಟ್ರೋಲ್ ರೀಬೂಟ್ ಎಎಸ್‌ಎಪಿ’ ಕೊಟ್ಟರೆ ನೋಡ್‌ಗೆ ಹೊಸ ಜಾಬ್ ಬರುವುದಿಲ್ಲ, ಇದ್ದದ್ದು ಮುಗಿದ ಮೇಲೆ ಅದು ರೀಬೂಟ್ ಆಗಿ ಹೊಸ ಇಮೇಜ್ ಹಿಡಿಯುತ್ತದೆ. ಮೊದಲು ಒಂದೇ ನೋಡ್‌ಗೆ ಮಾಡಿ, ಅದರ ಮೇಲೆ ಪರೀಕ್ಷೆಯ ಜಾಬ್ ಓಡಿಸಿ, ಆಮೇಲೆ ಉಳಿದವಕ್ಕೆ.

ಸ್ಲರ್ಮ್ ಅಪ್‌ಡೇಟ್‌ಗೆ ಕ್ರಮ ಇದೆ: ಮೊದಲು ಸ್ಲರ್ಮ್‌ಡಿಬಿಡಿ, ಆಮೇಲೆ ಸ್ಲರ್ಮ್‌ಸಿಟಿಎಲ್‌ಡಿ, ಕೊನೆಗೆ ನೋಡ್‌ಗಳ ಸ್ಲರ್ಮ್‌ಡಿ. ಮೇಲಿನದು ಹೊಸದಿದ್ದು ಕೆಳಗಿನದು ಹಳೆಯದಿದ್ದರೆ ನಡೆಯುತ್ತದೆ, ಉಲ್ಟಾ ಆದರೆ ಇಲ್ಲ. ತೀರಾ ಹಳೆಯ ಆವೃತ್ತಿಯಿಂದ ಒಂದೇ ಸಲ ಹಾರಲು ಬಿಡುವುದಿಲ್ಲ, ನಡುವಿನ ಆವೃತ್ತಿಯಲ್ಲಿ ಇಳಿದು ಹೋಗಬೇಕು. ಶುರು ಮಾಡುವ ಮೊದಲು ಡೇಟಾಬೇಸನ್ನೂ, ಸ್ಲರ್ಮ್ ತನ್ನ ಸ್ಥಿತಿಯನ್ನು ಬರೆದಿಡುವ ಡೈರೆಕ್ಟರಿಯನ್ನೂ ಬೇರೆ ಯಂತ್ರಕ್ಕೆ ನಕಲು ಮಾಡಿ. ಆ ಡೈರೆಕ್ಟರಿ ಹೋದರೆ ಕ್ಯೂನಲ್ಲಿ ಕಾಯುತ್ತಿದ್ದ ಜಾಬ್‌ಗಳೆಲ್ಲ ಅದರ ಜೊತೆಗೇ ಹೋಗುತ್ತವೆ.