ಗಂಡೋ ಹೆಣ್ಣೋ, ಮರಳೇ ಹೇಳಬೇಕು

ಕಾರವಾರದಿಂದ ಮಡಗಾಂವ್ ಕಡೆಗೆ ಹೊರಟು ಗೋವಾದ ಗಡಿ ದಾಟಿದ ಸ್ವಲ್ಪ ಹೊತ್ತಿಗೆ ಗಾಲ್ಜಿಬಾಗ ಸಿಗುತ್ತದೆ. ಗಾಳಿಮರಗಳ ತೋಪು, ಅದರಾಚೆ ಮರಳು, ಕಡಲು. ಬದುಕು ಅರಸಿ ಗೋವಾ ಸೇರಿದ ನಮ್ಮಂಥ ಕನ್ನಡಿಗರು ಊರಿನಿಂದ ನೆಂಟರು ಬಂದರೆ ಇಲ್ಲಿಗೆ ಕರೆತರುವುದುಂಟು. ಬಲೆ ಕಟ್ಟಿದ ಆವರಣ ಕಂಡ ನನ್ನ ಬಯಲುಸೀಮೆಯ ಮಾವ ಕೇಳಿದ್ದು, "ಇಲ್ಲೇನು ಬಿತ್ತಿದ್ದಾರೆ?" ಬಿತ್ತಿರುವುದು ಆಲಿವ್ ರಿಡ್ಲಿ ಕಡಲಾಮೆಯ ಮೊಟ್ಟೆ. ಒಂದೊಂದು ಗುಳಿಯಲ್ಲಿ ನೂರರ ಆಸುಪಾಸು.

ಒಂದು ಕಾಲಕ್ಕೆ ಈ ಮೊಟ್ಟೆ ಕರಾವಳಿಯ ಅಡುಗೆಮನೆಗೆ ಹೋಗುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮಾತ್ರಕ್ಕೆ ಅದು ನಿಲ್ಲಲಿಲ್ಲ. ಉತ್ತರ ಗೋವಾದ ಮೋರ್ಜಿಯಲ್ಲಿ ಊರವರೂ ಅರಣ್ಯ ಇಲಾಖೆಯೂ ಸೇರಿ ಗೂಡು ಕಾಯತೊಡಗಿದ್ದು 1990ರ ದಶಕದಲ್ಲಿ. 2011ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಮೋರ್ಜಿ, ಮಾಂದ್ರೆ, ಆಗೋಂದ, ಗಾಲ್ಜಿಬಾಗಗಳನ್ನು ಆಮೆ ಮೊಟ್ಟೆಯಿಡುವ ತಾಣಗಳೆಂದು ಹೆಸರಿಸಿತು. ಆಗಿನ ಶತ್ರುಗಳೆಲ್ಲ ಕಣ್ಣಿಗೆ ಕಾಣುವಂಥವರು: ಮೊಟ್ಟೆಗಳ್ಳರು, ನಾಯಿಗಳು, ಮರಿಗಳ ದಿಕ್ಕು ತಪ್ಪಿಸುವ ಶ್ಯಾಕ್‌ಗಳ, ಅಂದರೆ ಕಡಲತೀರದ ಗುಡಿಸಲು ಹೋಟೆಲುಗಳ, ದೀಪ. ಬೇಲಿಯೂ ಕಾವಲೂ ಇದ್ದರೆ ಸಾಕಿತ್ತು.

ಈಗಿನ ಶತ್ರು ಬೇಲಿಯೊಳಗೇ ಇದೆ: ಮರಳಿನ ಬಿಸಿ. 1966ರಲ್ಲಿ ಸೆನೆಗಲ್‌ನಲ್ಲಿ ಮ್ಯಾಡ್ಲೀನ್ ಶಾರ್ನಿಯೆ ಎಂಬ ಸಂಶೋಧಕಿ, ನಮ್ಮ ಓತಿಕ್ಯಾತದ ಬಳಗದ ಹಲ್ಲಿಯೊಂದರ ಮರಿಗಳು ಗಂಡಾಗುವುದೂ ಹೆಣ್ಣಾಗುವುದೂ ಕಾವಿನ ಬಿಸಿಯಿಂದ ಎಂದು ಗಮನಿಸಿದರು. ಕಡಲಾಮೆಗಳಲ್ಲೂ ಹಾಗೆಯೇ ಎಂದು ತಿಳಿಯಲು ಮತ್ತೆ ಹತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಮೊಟ್ಟೆ ಮರಳಿನಲ್ಲಿರುವುದು ಸುಮಾರು ಐವತ್ತು ದಿನ. ನಿರ್ಧಾರವಾಗುವುದು ನಡುವಿನ ಮೂರನೇ ಒಂದು ಪಾಲಿನಲ್ಲಿ. ಆಗ ಮರಳು ಸುಮಾರು 30 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಎರಡೂ ಬಗೆಯ ಮರಿಗಳು. ತಂಪಾದರೆ ಗಂಡು, ಬಿಸಿಯೇರಿದರೆ ಹೆಣ್ಣು. ಇನ್ನೂ ಏರಿದರೆ ಮರಿಯೇ ಇಲ್ಲ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರದ ಬೆಚ್ಚನೆಯ ತೀರಗಳಲ್ಲಿ ಹುಟ್ಟಿದ ಎಳೆಯ ಹಸಿರು ಕಡಲಾಮೆಗಳಲ್ಲಿ ಶೇಕಡಾ 99ಕ್ಕೂ ಹೆಚ್ಚು ಹೆಣ್ಣೇ ಎಂದು 2018ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು.

ಅರಬ್ಬೀ ಸಮುದ್ರವೂ ಬಿಸಿಯೇರುತ್ತಿದೆ, ಚಂಡಮಾರುತಗಳು ಹೆಚ್ಚಿವೆ. 2021ರ ಮೇ ತಿಂಗಳ ತೌಕ್ತೆಯನ್ನು ಇಲ್ಲಿ ಯಾರೂ ಮರೆತಿಲ್ಲ. ಅಲೆಗೆ ಸಿಗುವಂತಿರುವ ಗೂಡನ್ನು ಅಗೆದು ಬೇಲಿಯೊಳಗೆ ಹೂಳುವುದು ಅದಕ್ಕೇ. ಆದರೆ ಆಮೆ ಆರಿಸಿದ ಜಾಗದ ಬಿಸಿಯೇ ಬೇರೆ, ನಾವು ಆರಿಸಿದ ಜಾಗದ ಬಿಸಿಯೇ ಬೇರೆ. ನವೆಂಬರ್‌ನ ಗೂಡಿಗೂ ಮಾರ್ಚಿನ ಗೂಡಿಗೂ ಒಂದೇ ನೆರಳು ಸಾಲದು. ತೆಂಗಿನ ಗರಿ ಹೊದಿಸಬಹುದು, ನೀರು ಚಿಮುಕಿಸಬಹುದು. ಅತಿಯಾದರೆ ಎಲ್ಲವೂ ಗಂಡೇ. ನನಗೆ ಕೇಳಿದರೆ, ಕಡಲಿಗೆ ಬಿಟ್ಟ ಮರಿಗಳ ಲೆಕ್ಕದ ಪಕ್ಕದಲ್ಲೇ ಮರಳಿನ ಬಿಸಿಯ ಲೆಕ್ಕವನ್ನೂ ಬರೆದಿಡಬೇಕು.

ಮರಿಗಳನ್ನು ಬಿಡುವ ಸಂಜೆ ಮಾವ ಮತ್ತೊಂದು ಪ್ರಶ್ನೆ ಹಾಕಿದರು: "ಇದರಲ್ಲಿ ಗಂಡು ಯಾವುದು, ಹೆಣ್ಣು ಯಾವುದು?" ಮೈನೋಡಿ ಹೇಳಲು ಬರುವುದಿಲ್ಲ. ದೊಡ್ಡವಾದ ಮೇಲೆ ಬಾಲದ ಉದ್ದ ಗುಟ್ಟು ಬಿಡುತ್ತದೆ. ಅದಕ್ಕೆ ಹತ್ತು ವರ್ಷಕ್ಕೂ ಮಿಗಿಲು ಬೇಕು. ಅಷ್ಟರಲ್ಲಿ ಮರಿಗಳು ನೀರು ಸೇರಿದ್ದವು.